ವಾರ್ಡನಮ್ಮ ಬೈಯದ ದಿನ

ವಾಷಿಂಗ್ ಮೆಷಿನ್ ರಿಪೇರಿ ಅಂಗಡಿಯಲ್ಲಿ ಫೋನೆತ್ತುವ ಫೋನಕ್ಕನಿಗೆ ಹದಿನಾಲ್ಕು ವರ್ಷದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚು ಬಂದಿರಲಿಲ್ಲ. ಕೊನೆಗೆ ಬಂದದ್ದು ಕೈಯಿಲ್ಲದ, ಕಾಲಿಲ್ಲದ ಒಂದು ಚಾಟ್‌ಬಾಟ್ ಮೇಲೆ. ಗಿರಾಕಿಗಳ ದೂರು ಕೇಳುವ ಕೆಲಸವನ್ನು ಯಜಮಾನರು ಅದಕ್ಕೆ ಒಪ್ಪಿಸಿ, ಅದು ಬರೆದುಕೊಂಡದ್ದನ್ನು ಓದಿ ನೋಡುವುದನ್ನಷ್ಟೇ ಇವಳಿಗೆ ಉಳಿಸಿದ್ದರು.

"ನೋಡಿ ಅಕ್ಕ, ಒಂದು ಸಲನಾದ್ರೂ ಸಿಡುಕುತ್ತಾ? ಎಷ್ಟು ನಯ!" ಎಂದು ಯಜಮಾನರು ದಿನಕ್ಕೆ ನಾಲ್ಕು ಬಾರಿ ಅದನ್ನು ಹೊಗಳುವರು. ಇವಳು ಒಳಗೊಳಗೇ ಉರಿದು ಹೋಗುವಳು. ಇವಳನ್ನು ಅವರು ಹೊಗಳಿದ್ದು ಒಂದೇ ಸಲ, ಅದೂ ಅಕ್ಷರ ದುಂಡಗಿದೆ ಎಂದು.

ಸೋಮವಾರ ಹಾಸ್ಟೆಲ್ ವಾರ್ಡನಮ್ಮ ಬರೆದರು. ಎಂಟು ಮೆಷಿನ್ನಿನ ದೊಡ್ಡ ಗಿರಾಕಿ. ಮೂರು ಸಲ ದೂರು ಕೊಟ್ಟರೂ ಮೆಕ್ಯಾನಿಕ್ ಹೋಗಿರಲಿಲ್ಲ. ಈ ಸಲ ಬರೆದದ್ದು ಇಷ್ಟೇ: "ಪರವಾಗಿಲ್ಲ. ಬಿಡುವಾದಾಗ ಕಳಿಸಿ."

ಚಾಟ್‌ಬಾಟ್ ಆಕೆಯ ತಾಳ್ಮೆಗೆ ಧನ್ಯವಾದ ಹೇಳಿತು. "ಗಿರಾಕಿಗೆ ಸಮಾಧಾನವಾಗಿದೆ, ಅವಸರವಿಲ್ಲ" ಎಂದು ಗುರುತು ಹಾಕಿ, ಕೆಲಸವನ್ನು ಮುಂದಿನ ವಾರಕ್ಕೆ ದೂಡಿತು.

ಫೋನಕ್ಕ ಅದನ್ನು ಆಗಲೇ ಓದಿದಳು. ವಾರ್ಡನಮ್ಮನ ಬಾಯಿ ಇವಳಿಗೆ ಗೊತ್ತಿಲ್ಲದ್ದೇ? "ನಿಮ್ಮ ಅಂಗಡಿಗೆ ಬೆಂಕಿ ಬೀಳ" ಎಂದು ಅರ್ಧ ಗಂಟೆ ಜಾಡಿಸಿದರೆ ಭಯವಿಲ್ಲ, ಸಂಜೆಯೊಳಗೆ ಯಾರಾದರೂ ಹೋದರೆ ತಣ್ಣಗಾಗುವರು. ಮೆತ್ತಗೆ ಮಾತಾಡಿದರೋ, ಬೇರೆ ಅಂಗಡಿ ಹುಡುಕಿಯಾಯಿತು ಎಂದೇ ಲೆಕ್ಕ. ಹಾಸ್ಟೆಲಿಗೆ ಹಾಲು ಹಾಕುತ್ತಿದ್ದವನನ್ನು ಬಿಡಿಸಿದ್ದೂ ಹೀಗೆ, ಬಲು ಮರ್ಯಾದೆಯಿಂದ. ಈಗಲೇ ಆಕೆಗೆ ಒಂದು ಫೋನ್ ಮಾಡಿದರೆ ಸಾಕು.

ಫೋನಿನ ಮೇಲೆ ಕೈಯಿಟ್ಟಳು. ಒಳಕೋಣೆಯಲ್ಲಿ ಯಜಮಾನರು ಯಾರಿಗೋ ಹೇಳುತ್ತಿದ್ದರು: "ನಮ್ಮ ಅಕ್ಕನಿಗಿಂತ ಇದೇ ವಾಸಿ ಕಣಯ್ಯ."

ಕೈ ಹಿಂದಕ್ಕೆ ಬಂತು. ಅನುಭವಿಸಲಿ, ಎಂದುಕೊಂಡಳು. ಆ ವಾರವೆಲ್ಲ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಶನಿವಾರ ಹಾಸ್ಟೆಲಿನಿಂದ ಪತ್ರ ಬಂತು. ಎಂಟೂ ಮೆಷಿನ್ನಿನ ಕೆಲಸ ಇನ್ನೊಬ್ಬರ ಪಾಲಾಗಿತ್ತು. ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು.

"ಆ ಮೂದೇವಿಗೆ ಏನು ಅರ್ಥ ಆಗುತ್ತೆ ಸಾರ್?" ಎಂದಳು ಫೋನಕ್ಕ, ಸಂಭ್ರಮ ತಡೆಯಲಾರದೆ. "ಆಯಮ್ಮ ಬೈದಿಲ್ಲ ಅಂದ್ರೆ ಕೈಬಿಟ್ರು ಅಂತಾನೇ. ನಂಗೆ ಓದಿದ ತಕ್ಷಣ ಗೊತ್ತಾಯ್ತು."

"ನಿಜ ಅಕ್ಕ. ಜನರ ಮನಸ್ಸು ನಿಮಗೆ ತಿಳಿದಷ್ಟು ಅದಕ್ಕೆಲ್ಲಿ ತಿಳಿಯುತ್ತೆ?" ಎಂದರು ಯಜಮಾನರು. ಈ ಒಂದು ಮಾತಿಗಾಗಿ ಅವಳು ಎಷ್ಟು ದಿನ ಬಾಯಿಬಿಟ್ಟುಕೊಂಡು ಕಾದಿದ್ದಳು! ಅವರು ತಲೆಯೆತ್ತಿದರು. "ಓದಿದ್ದು ಯಾವತ್ತು?"

"ಸೋಮವಾರ," ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಯಜಮಾನರು ಎದ್ದು ಬಂದು, ಅವಳ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಒಳಗೆ ತೆಗೆದುಕೊಂಡು ಹೋದರು.