ಜಲಜಮ್ಮನ ಪಿಂಡ

ಅಜ್ಜನಿಗೆ ಅರಳುಮರಳು, ಇದ್ದದ್ದು ಇಲ್ಲದ್ದು ಸೇರಿಸಿ ಹೇಳ್ತಾನೆ ಅಂತ ಹಲ್ಲು ಕಿಸಿದವರು ಯಾರು? ಫೋನಿಲ್ಲದಿದ್ದರೆ ನಿಮಗೆ ಹೆಂಡತಿಯ ನಂಬರೇ ನೆನಪಿಲ್ಲ. ನಾನು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಓಡಿಸಿದ ಜೀಪು ಯಾವ ತಿರುವಿನಲ್ಲಿ ಕೆಮ್ಮುತ್ತಿತ್ತು ಅನ್ನೋದೂ ನನಗೆ ನೆನಪಿದೆ. ಬಾಯಿ ಮುಚ್ಚಿಕೊಂಡು ಕೇಳಿ.

ಆಗ ಮೈಸೂರಿನಿಂದ ಚಂದ್ರಶೇಖರ ಅನ್ನುವ ಡಾಕ್ಟರು ಸಂಶೋಧನೆಗೆ ಬರುತ್ತಿದ್ದರು. ಕಿಡ್ನಿ ಸೋತರೆ ಬಿ.ಪಿ. ಯಾಕೆ ಏರುತ್ತೆ, ರಕ್ತ ಯಾಕೆ ಕಮ್ಮಿಯಾಗುತ್ತೆ, ಹೃದಯ ಯಾಕೆ ದಣಿಯುತ್ತೆ, ಅದು ಅವರ ವಿಷಯ. ತಿಂಗಳಿಗೊಮ್ಮೆ ನರಸೀಪುರದ ಛತ್ರದಲ್ಲಿ ತಪಾಸಣೆ. ನಂಜನಗೂಡಿನವರನ್ನು ಜೀಪಿನಲ್ಲಿ ಕರೆದೊಯ್ಯುವುದು ನನ್ನ ಕೆಲಸ.

ಅವರಲ್ಲಿ ಜಲಜಮ್ಮ ಒಬ್ಬರು. ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ವಿಧವೆ, ಮಕ್ಕಳಿಲ್ಲ. ಬೆಳಗಾದರೆ ಮುಖ ಪೂರಿಯ ಹಾಗೆ ಊದಿರುತ್ತಿತ್ತು. ಡಾಕ್ಟರಿಗೆ ವಿಪರೀತ ಸಂಕೋಚ. ಮಡಿ ಹೆಂಗಸಿನ ಮುಂದೆ ‘ಮೂತ್ರಪಿಂಡ’ ಅನ್ನುವುದು ಹೇಗೆ? ಮೊದಲರ್ಧ ನುಂಗಿಬಿಟ್ಟರು.

"ಅಮ್ಮ, ನಿಮ್ಮ ಪಿಂಡದ ಜವಾಬ್ದಾರಿ ನನ್ನದು. ಮಾತ್ರೆ ತಪ್ಪಿಸಬೇಡಿ, ಉಪ್ಪು ಬಿಡಿ, ಪ್ರತಿ ತಿಂಗಳೂ ಬನ್ನಿ."

ಆಯಮ್ಮ ಕಣ್ಣೊರೆಸಿಕೊಂಡು ಕೈಮುಗಿದರು. ಆಮೇಲೆ ವ್ರತ ಹಿಡಿದವರ ಹಾಗೆ ಸಪ್ಪೆ ಊಟ. ಒಂದು ತಿಂಗಳೂ ತಪ್ಪಿಸಲಿಲ್ಲ. ಊತ ಇಳಿಯಿತು, ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರೂ ಇಳಿಯಿತು.

ಒಂದು ದಿನ ಜೀಪಿನಲ್ಲಿ ಅಂದರು, "ಪುಟ್ಟಬಸವಯ್ಯ, ನಾನು ಸತ್ತರೆ ಒಂದು ತುತ್ತು ಇಡೋರು ಯಾರು ಅಂತ ಕೊರಗ್ತಿದ್ದೆ ಕಣಯ್ಯ. ಹೆತ್ತ ಮಗನೂ ಹಾಗೆ ಬಾಯಿ ಬಿಟ್ಟು ಹೇಳಲ್ಲ, ನಿನ್ನ ಪಿಂಡ ನನ್ನದು ಅಂತ."

ನನಗೆ ನಗು ಉಕ್ಕಿತು, ತಡೆದುಕೊಂಡೆ. ಛತ್ರದ ಹಿಂದೆ ಡಾಕ್ಟರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಸುಳ್ಳಿನ ಮೇಲೆ ಚಿಕಿತ್ಸೆ ಮಾಡೋದಕ್ಕಾಗಲ್ಲ. ಹೇಳಿಬಿಡ್ತೀನಿ."

"ಏಳ್ಬ್ಯಾಡಿ ಸಾ," ಅಂದೆ ನಾನು. "ಏಳುದ್ರೆ ನಾಳಿಂದ ಆಯಮ್ಮ ಬರಕಿಲ್ಲ. ಮಾತ್ರೆನೂ ಬುಡ್ತದೆ, ಉಪ್ಪೂ ತಿಂತದೆ, ನಿಜವಾಗ್ಲೂ ಪಿಂಡ ಆಕ್ಬೇಕಾಯ್ತದೆ."

ಕೇಳಲಿಲ್ಲ ಪುಣ್ಯಾತ್ಮ. ಆಯಮ್ಮನ ಮುಂದೆ ಕೂತು ತಮ್ಮ ಸೊಂಟ ಮುಟ್ಟಿ ತೋರಿಸಿದರು. "ನಾನಂದಿದ್ದು ಇಲ್ಲಿರೋ ಪಿಂಡ, ಅಮ್ಮ. ಮೂತ್ರಪಿಂಡ."

ಜಲಜಮ್ಮ ಸೆರಗು ಬಾಯಿಗಿಟ್ಟುಕೊಂಡರು. ಎದ್ದು ಹೋಗುತ್ತಾರೆ ಅಂತಲೇ ನಾನಂದುಕೊಂಡೆ.

"ಹಾಗಾದ್ರೆ ಇನ್ನೊಂದು?" ಅಂದರು, ಮೆಲ್ಲಗೆ.

"ಅದೂ ನನ್ನದೇ," ಅಂದರು ಡಾಕ್ಟರು. "ಆದ್ರೆ ಅವಸರ ಮಾಡ್ಬೇಡಿ."

"ಅವಸರ ಯಾರಿಗಪ್ಪ? ನೀನು ಮೊದಲು ಮದುವೆ ಮಾಡ್ಕೋ. ನನ್ನದಿರಲಿ, ನಿನಗೆ ಪಿಂಡ ಹಾಕೋರೆಲ್ಲಿದ್ದಾರೆ?"

ಡಾಕ್ಟರ ಜೊತೆ ಬಂದಿದ್ದ ನರ್ಸಮ್ಮ ನಕ್ಕು ನಕ್ಕು ಬಾಗಿಲ ಆಚೆ ಓಡಿದಳು. ಮರುತಿಂಗಳು ಎಲ್ಲರಿಗಿಂತ ಮೊದಲು ಜೀಪು ಹತ್ತಿದ್ದು ಜಲಜಮ್ಮನೇ.

ಮುಂದೆ ಡಾಕ್ಟರಿಗೆ ಮದುವೆಯಾಯಿತು, ವರ್ಗವೂ ಆಯಿತು. ಹೋದ ಊರಿಂದಲೂ ಆಯಮ್ಮನ ಮಾತ್ರೆ ವಿಚಾರಿಸುತ್ತಿದ್ದರು. ಎಂಬತ್ತಾರರಲ್ಲಿ ಜಲಜಮ್ಮ ಹೋದರು. ಡಾಕ್ಟರು ಬಂದರು. ಗೋತ್ರ ಬೇರೆ ಅಂತ ಪುರೋಹಿತರು ರಾಗ ಎಳೆದರು. "ಮಾತು ಕೊಟ್ಟಿದ್ದೀನಿ," ಅಂತಷ್ಟೇ ಹೇಳಿ, ನರಸೀಪುರದ ಸಂಗಮದಲ್ಲಿ ಮೊಣಕಾಲುದ್ದದ ನೀರಿಗಿಳಿದರು. ಅನ್ನದ ಉಂಡೆ ಬಿಡುವಾಗ ಅವರಂದದ್ದು ದಡದಲ್ಲಿದ್ದ ನನಗೆ ಕೇಳಿಸಿತು.

"ಇದಕ್ಕೂ ಉಪ್ಪು ಹಾಕಿಲ್ಲ ಕಣಮ್ಮ."

ಅಷ್ಟೇ ಕತೆ. ಜಲಜಮ್ಮನಿಗೆ ಮಕ್ಕಳಿಲ್ಲ ಅಂದೆನಲ್ಲ, ನೆನೆಯೋದಕ್ಕೆ ಮನೆಯಲ್ಲಿ ಯಾರೂ ಇಲ್ಲ. ಇದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ. ಇನ್ನೊಬ್ಬರಿಗೆ ಹೇಳಿ, ಆಯಮ್ಮನ ಹೆಸರು ಹಿಡಿದು ಹೇಳಿ.