ಹುಳು ಬಿಟ್ಟ ಸೊಪ್ಪು

ಐವತ್ತಾರನೇ ಇಸವಿಯ ಬೇಸಿಗೆ. ಉಮ್ಮತ್ತೂರಿನ ರಾಚಮ್ಮನ ಹಿತ್ತಲಲ್ಲಿ ಒಂದು ಹಸಿರು ಗರಿಕೆಯೂ ಉಳಿದಿರಲಿಲ್ಲ. ಗೂಡಿನಲ್ಲಿದ್ದ ಮೊಲಗಳು ಹಸಿವಿಗೆ ಬಿದಿರ ದಬ್ಬೆಯನ್ನೇ ಕಡಿಯುತ್ತಿದ್ದವು.

ಮೊಲ ತಂದುಕೊಟ್ಟವನು ಅವಳ ತಮ್ಮ ಮಾದಪ್ಪ. ಅವನು ಊಟಿಯ ದೊರೆಯೊಬ್ಬರ ಬಂಗಲೆಯಲ್ಲಿ ತೋಟದ ಆಳು. ಅಲ್ಲಿ ಮಾಂಸಕ್ಕೆಂದು ಸಾಕುತ್ತಿದ್ದ ಮೊಲಗಳಲ್ಲಿ ಒಂದು ಜೋಡಿ ಕೇಳಿ ಪಡೆದು, ಕುಕ್ಕೆಯಲ್ಲಿಟ್ಟುಕೊಂಡು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಬಂದಿದ್ದ. ರಾಚಮ್ಮನ ಮಗಳು ಸೋಮಮ್ಮ ಚೊಚ್ಚಲ ಮಗುವನ್ನು ಕಳೆದುಕೊಂಡು ಕಡ್ಡಿಯಾಗಿದ್ದಳು. ಈಗ ಮತ್ತೆ ಬಸುರಿ. ಮೈಯಲ್ಲಿ ರಕ್ತವಿಲ್ಲ, ಮಾಂಸದ ಸಾರು ಕೊಡಿ ಎಂದು ಚಾಮರಾಜನಗರದ ಆಸ್ಪತ್ರೆಯಲ್ಲಿ ಹೇಳಿದ್ದರು.

"ದಿನಾ ಕೋಳಿ ಎಲ್ಲಿ ತಂದೀಯಕ್ಕ? ಇವು ಬಿರ್ರನೆ ಮರಿ ಹಾಕ್ತವೆ, ಸಾಕ್ಕೊ" ಎಂದಿದ್ದ ಮಾದಪ್ಪ.

ಮರಿಗಳೇನೋ ಆದವು. ಮೇವು ತೀರಿತು.

ರಾಚಮ್ಮ ಕೂಲಿಗೆ ಹೋಗುತ್ತಿದ್ದುದು ಶಿವರುದ್ರಮ್ಮನವರ ರೇಷ್ಮೆಹುಳದ ಮನೆಗೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ದಿನವೂ ಮಂಕರಿಗಟ್ಟಲೆ ತಿಪ್ಪೆ ಸೇರುತ್ತಿತ್ತು. ಕೇಳುವುದು ಹೇಗೆ? ಅವರದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಹೆಸರೆತ್ತಿದರೂ ಮುಖ ತಿರುಗಿಸುವವರು. ಮೊಲ ಮುದ್ದಿಗೆ ಸಾಕಿದ್ದು ಎಂದುಬಿಡಲೇ ಅಂದುಕೊಂಡಳು. ಎದುರು ನಿಂತಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಅವ್ವಾ, ಆ ಸೊಪ್ಪು ಕೊಟ್ಟೀರಾ? ಮೊಲಕ್ಕೆ. ತಿನ್ನಕ್ಕೇ ಕಣ್ರವ್ವ ಸಾಕಿರದು. ನಮ್ ಸೋಮಿಗೆ."

ಸೊಪ್ಪು ಹರಡುತ್ತಿದ್ದ ಶಿವರುದ್ರಮ್ಮನವರ ಕೈ ನಿಂತಿತು. ರಾಚಮ್ಮ ತಲೆ ತಗ್ಗಿಸಿದಳು.

"ಹೋದ್ಸಲ ಆ ಮಗೀನ ಮಣ್ಣು ಮಾಡ್ದಾಗ ನಾನೂ ಬಂದಿದ್ನಲ್ಲ ರಾಚಿ" ಎಂದರು ಅವರು. "ನಿನ್ ಮಡಕೇಲಿ ಏನು ಬೇಯ್ತದೋ ನಂಗ್ಯಾಕೆ? ಹೆಣ್ಮಗ ಉಳ್ಕಬೇಕು. ತಗೊಂಡೋಗು. ಕಣದಲ್ಲಿ ಹುಳ್ಳಿ ಹೊಟ್ಟು ಬಿದ್ದದೆ, ಅದ್ನೂ ತುಂಬ್ಕೊ."

ರಾಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮಂಕರಿ ಎತ್ತಿದಳು.

ಮೊದಲ ದಿನ ಆತುರಕ್ಕೆ ಸೊಪ್ಪನ್ನು ಹಾಗೇ ಸುರಿದುಬಿಟ್ಟಳು. ಎರಡು ಮರಿ ಹೊಟ್ಟೆ ಉಬ್ಬಿ ಸತ್ತವು. ಅಳುತ್ತ ಬಂದವಳಿಗೆ ಶಿವರುದ್ರಮ್ಮ, "ಹುಳದ ಹಿಕ್ಕೆ ಒದರಿ, ನೆಳ್ಳಲ್ಲಿ ಬಾಡ್ಸಿ ಹಾಕಿ ನೋಡು. ವದ್ದೆ ಸೊಪ್ಪು ನಮ್ ಹುಳಕ್ಕೂ ಆಗಾಕಿಲ್ಲ" ಎಂದರು. ಹಾಗೆ ಬಾಡಿಸಿ, ಹೊಟ್ಟು ಬೆರೆಸಿ ಹಾಕಿದ ಮೇಲೆ ಉಳಿದ ಮರಿಗಳು ಮೈ ತುಂಬಿಕೊಂಡವು. ಸೋಮಮ್ಮನ ತಟ್ಟೆಯಲ್ಲಿ ಮುದ್ದೆಯ ಜೊತೆ ಸಾರು ಕಾಣಿಸತೊಡಗಿತು. ಬಿಳಿಚಿಕೊಂಡಿದ್ದ ತುಟಿ ಕೆಂಪಾಯಿತು.

ಶ್ರಾವಣದಲ್ಲಿ ಹೆಣ್ಣುಮಗು ಹುಟ್ಟಿತು, ಊರು ಕೇಳುವಂತೆ ಅತ್ತಿತು. ಹಳೆಯ ಮೆತ್ತನೆ ಸೀರೆಯೊಂದನ್ನು ಹಿಡಿದು ಶಿವರುದ್ರಮ್ಮ ನೋಡಲು ಬಂದರು. ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿದ್ದುದರಿಂದ ಬಾಗಿಲಲ್ಲೇ ನಿಂತು ಕೈ ಚಾಚಿದರು. ರಾಚಮ್ಮ ಮಗುವನ್ನು ಅವರ ಕೈಗಿಟ್ಟು, ಕಾಲಿಗೆರಗಲು ಬಗ್ಗಿದಳು.

"ಬುಡಮ್ಮಿ, ಏಳು. ಮಗು ಹಾಲು ಕುಡೀತದಾ?"

"ಬೇಕಾದಂಗೆ ಕುಡೀತದೆ ಕಣ್ರವ್ವ."

"ಅಷ್ಟು ಸಾಕು. ಹುಳ ಪೊರೆ ಬುಟ್ಟು ನಾಕನೇ ಜ್ವರ ಎದ್ದವೆ, ಎಷ್ಟು ಸೊಪ್ಪು ಹಾಕಿದ್ರೂ ಸಾಲದು. ಆದಾಗ ಬಾ."

"ಮಗೀನ ನಾನ್ ನೋಡ್ಕತೀನಿ, ನೀನೋಗವ್ವ" ಎಂದಳು ಒಳಗಿನಿಂದ ಸೋಮಮ್ಮ.

ರಾಚಮ್ಮ ಆ ಸಂಜೆಯೇ ಶಿವರುದ್ರಮ್ಮನವರ ಮನೆಗೆ ಹೋದಳು. ಈ ಮನೆ ತಣ್ಣಗಿರಲಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಹುಳದ ಒಂದೊಂದು ತಟ್ಟೆಗೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಸೊಪ್ಪು ಹರಡಿದಳು.