ಮೇಷ್ಟ್ರನ್ನು ಕೇಳಿ

ಮಾವನ ಕಷ್ಟ ಕಡಿಮೆ ಮಾಡಬೇಕೆಂದೇ ಸೊಸೆ ಆ ಕೆಲಸಕ್ಕೆ ಕೈ ಹಾಕಿದ್ದು. ಒಳ್ಳೆಯದು ಮಾಡಲು ಹೊರಟವರ ಕೈಯಿಂದ ಎಂಥ ಅನಾಹುತ ಆಗಬಹುದು ಎಂದು ತಿಳಿಯಲು ಆಮೇಲೆ ಅವಳು ಬೇರೆ ಮನೆಗೆ ಹೋಗಬೇಕಾಗಲಿಲ್ಲ.

ಮಾವ ಪಾಲಿ ಮೇಷ್ಟ್ರು. ಹಳೆಯ ಬೌದ್ಧ ಗ್ರಂಥಗಳ ಆ ಭಾಷೆಯಲ್ಲಿ ನಾಲ್ಕೈದು ಪದಗಳು ಒಂದಕ್ಕೊಂದು ಅಂಟಿಕೊಂಡು ರೈಲಿನ ಹಾಗೆ ಉದ್ದಕ್ಕೆ ನಿಂತಿರುತ್ತವೆ. ಎಲ್ಲಿ ಬಿಡಿಸಬೇಕೆಂದು ಗೊತ್ತಿಲ್ಲದವರಿಗೆ ನಿಘಂಟು ಇದ್ದೂ ಇಲ್ಲದ ಹಾಗೆ. ಹಾಗೆ ಬಿಡಿಸುವುದನ್ನು ಕಲಿಸುವುದೇ ಅವರ ಕಸುಬು. ಅತ್ತೆ ತೀರಿಕೊಂಡಿದ್ದರು, ಮಗ ಹಡಗಿನ ಕೆಲಸವೆಂದು ವರ್ಷದ ಮುಕ್ಕಾಲು ಪಾಲು ನೀರಿನ ಮೇಲೇ ಇರುತ್ತಿದ್ದ. ಮಾವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಮಧ್ಯಾಹ್ನದ ಆ ಪಾಠವೊಂದೇ. ಊಟವಾಗುತ್ತಲೇ ಇಸ್ತ್ರಿ ಮಾಡಿದ ಶರಟು ತೊಟ್ಟು, ತಲೆ ಬಾಚಿಕೊಂಡು, ಮುಂದಿನ ಕೋಣೆಯ ಬೋರ್ಡು ಒರೆಸಿ ಕಾಯುವರು. ನಿವೃತ್ತ ನರ್ಸಮ್ಮ, ಕೋರ್ಟಿನ ಜಗಳ ಸಾಕಾಗಿದ್ದ ವಕೀಲರು, ಇನ್ನೂ ಕೆಲವರು ಬಂದು ಕೂರುವರು. ಒಂದೇ ಪದವನ್ನು ಹತ್ತು ಸಲ ಹೇಳಿ ಹೇಳಿ ಸಂಜೆಯ ಹೊತ್ತಿಗೆ ಮೇಷ್ಟ್ರ ಗಂಟಲು ಕಟ್ಟಿರುತ್ತಿತ್ತು.

ಸೊಸೆಗೆ ಆ ಗಂಟಲಿನದೇ ಚಿಂತೆ. ಅವಳು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವವಳು. ಪದ ಮುಟ್ಟಿದರೆ ಅರ್ಥ ತೋರಿಸುವ ಪಾಲಿ ಆ್ಯಪ್ ಒಂದು ಮೊದಲೇ ಇತ್ತು, ಆದರೆ ಉದ್ದದ ಪದ ಎದುರಾದರೆ ಅದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಅದನ್ನು ಸುಧಾರಿಸುವ ಗುಂಪಿಗೆ ಅವಳೂ ಸೇರಿದಳು. ದಿನಾ ಸಂಜೆ ಮಾವನೇ ಅವಳಿಗೆ ಪಾಠ ಹೇಳಿದರು. ಮೊದಲ ಪದ ‘ಯಥಾಭೂತಞಾಣದಸ್ಸನ’. ಅದನ್ನು ನಾಲ್ಕು ತುಂಡು ಮಾಡಿ, ಇರುವುದನ್ನು ಇರುವ ಹಾಗೆ ಅರಿತು ಕಾಣುವುದು ಎಂದು ಅರ್ಥ ಹೇಳಿ ನಕ್ಕರು.

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ಹೇಳೋದೇ ಅಷ್ಟು ಕಷ್ಟ, ಕಾಣೋದು ಇನ್ನೂ ಕಷ್ಟ ಕಣಮ್ಮ.”

ಅವರು ಒಂದನ್ನೂ ಮುಚ್ಚಿಡಲಿಲ್ಲ. ಅವಳು ಒಂದನ್ನೂ ಬಿಡದೆ ಆ್ಯಪ್‌ಗೆ ತುಂಬಿದಳು, ಅವರ ತಮಾಷೆಗಳನ್ನು ಕೂಡ. ಆ್ಯಪ್ ದಿನೇ ದಿನೇ ಚುರುಕಾಯಿತು. ಅದಕ್ಕೂ ಬಿಡಿಸಲಾಗದ ಪದ ಬಂದರೆ ಇರಲಿ ಎಂದು ‘ಮೇಷ್ಟ್ರನ್ನು ಕೇಳಿ’ ಎಂಬ ಗುಂಡಿ ಇಟ್ಟಳು. ಅದನ್ನು ಒತ್ತಿದರೆ ಪ್ರಶ್ನೆ ನೇರವಾಗಿ ಮಾವನ ಕಂಪ್ಯೂಟರಿಗೆ ಬರುತ್ತಿತ್ತು.

ಮೊದಲು ವಕೀಲರು ಬರುವುದನ್ನು ಬಿಟ್ಟರು. ಆಮೇಲೆ ಒಬ್ಬೊಬ್ಬರೇ. ಕೊನೆಗೆ ನರ್ಸಮ್ಮ ಬಂದು, ನಿಮ್ಮ ಸೊಸೆ ಹೊಟ್ಟೆ ತಣ್ಣಗಿರಲಿ, ಈ ಮಂಡಿ ಇಟ್ಟುಕೊಂಡು ಬಸ್ಸು ಹತ್ತುವುದು ತಪ್ಪಿತು ಎಂದು ಹರಸಿ ಹೋದರು. ಮಾವ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟರು. ಗುಂಡಿ ಒತ್ತುವವರೂ ಕಡಿಮೆಯಾಗುತ್ತಾ ಹೋದರು. ಸೊಸೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಳು! ಮಾವ ಮಾತ್ರ ಮಧ್ಯಾಹ್ನವಾದರೆ ಶರಟು ತೊಟ್ಟು ಕಂಪ್ಯೂಟರಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಆಗಾಗ ಅಡುಗೆಮನೆಯ ಬಾಗಿಲಿಗೆ ಬಂದು, ಇಂಟರ್‌ನೆಟ್ ಸರಿ ಇದೆಯೇನಮ್ಮ ಎಂದು ಕೇಳುವರು. ಸರಿಯಾಗಿಯೇ ಇರುತ್ತಿತ್ತು. ಹಾಗೆಂದು ಹೇಳಿ ಅವಳು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಬೆಳಿಗ್ಗೆ ಅವಳು ಪದ ಬಿಡಿಸುವ ಕೆಲವು ನಿಯಮಗಳನ್ನು ಆ್ಯಪ್‌ನಿಂದ ಯಾರಿಗೂ ಹೇಳದೆ ಕಿತ್ತುಹಾಕಿದಳು.

ಅಂದು ಮಧ್ಯಾಹ್ನವೇ ಪ್ರಶ್ನೆಗಳು ಬಂದವು. ಮಾವನಿಗೆ ಹೋದ ಜೀವ ಬಂದಂತಾಯಿತು. ಚಹಾ ಆರಿಹೋದರೂ ಏಳದೆ ಉತ್ತರ ಬರೆದರು, ಊಟಕ್ಕೆ ಕೂತಾಗ ಯಾರು ಏನು ಕೇಳಿದರೆಂದು ಕಥೆ ಮಾಡಿ ಹೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಸೊಸೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಆದರೂ ಆ ದಿನಗಳು ಸುಖವಾಗಿದ್ದವು, ಸುಳ್ಳೇಕೆ ಹೇಳಬೇಕು.

ಆಮೇಲೊಂದು ದಿನ ಮಾವ ಅವಳನ್ನು ಕೋಣೆಗೆ ಕರೆದರು. ಪರದೆಯ ಮೇಲೆ ನರ್ಸಮ್ಮನ ಪ್ರಶ್ನೆ. ಕೇಳಿದ್ದ ಪದ ‘ಯಥಾಭೂತಞಾಣದಸ್ಸನ’. ಹಿಂದಿನ ದಿನ ಬೆಳಿಗ್ಗೆಯೇ ಕಳಿಸಿದ್ದರು, ಉಳಿದ ಪ್ರಶ್ನೆಗಳ ನಡುವೆ ಅದರ ಸರದಿ ಬಂದದ್ದು ಈಗ. ಅಲ್ಲಿಂದ ಮುಂದೆ ಓದಲಾರದೆ ಕೂತಿದ್ದೇನೆ, ಪುರಸೊತ್ತಾದಾಗ ಹೇಳಿ ಎಂದು ಕೆಳಗೆ ಬರೆದಿದ್ದರು.

“ಇದು ಅದಕ್ಕೆ ಬರ್ತಿತ್ತಲ್ಲಮ್ಮ,” ಎಂದರು ಮಾವ.

ನಿಮಗೆ ಯಾವಾಗ ಗೊತ್ತಾಯಿತು ಎಂದು ಅವಳು ಕೇಳಿದಳು.

“ಮೊದಲನೇ ದಿನಾನೇ. ನಾನು ಕಲಿಸಿದ್ದು ಯಾವುದು, ಕಲಿಸದೆ ಇರೋದು ಯಾವುದು ಅಂತ ನನಗೆ ಗೊತ್ತಾಗಲ್ವಾ? ಗೊತ್ತಿದ್ದೂ ಸುಮ್ಮನಿದ್ದೆ. ಚೆನ್ನಾಗಿತ್ತು ಕಣಮ್ಮ.” ಅವರು ಕನ್ನಡಕ ತೆಗೆದು ಶರಟಿನ ಅಂಚಿನಲ್ಲಿ ಒರೆಸಿಕೊಂಡರು. “ಆದ್ರೆ ನಾನು ಕೈ ಹಿಡೀಬೇಕು ಅಂತ ಓದೋರನ್ನ ಎಡವಿ ಬೀಳಿಸಬಾರದು. ಸರಿ ಮಾಡಿಬಿಡು.”

ಅವಳು ಅತ್ತಳು. ಮಾವ ಸಮಾಧಾನ ಹೇಳಲಿಲ್ಲ, ತಮ್ಮ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ಅವಳು ಕಿತ್ತದ್ದನ್ನೆಲ್ಲ ಮತ್ತೆ ಸೇರಿಸಿದಳು. ಮುಗಿದ ಮೇಲೆ ಅವರೇ ಬೆರಳು ಚಾಚಿ ಆ ಪದವನ್ನು ಮುಟ್ಟಿದರು. ಅದು ನಾಲ್ಕು ತುಂಡಾಗಿ ಬಿಚ್ಚಿಕೊಂಡಿತು. ಕೆಳಗೆ ಅವರದೇ ಅರ್ಥ, ಅದರ ಕೆಳಗೆ ಅವರದೇ ಗಾದೆ. ಮಾವ ಕೊನೆಯವರೆಗೂ ಓದಿ, ಸರಿಯಾಗಿದೆ ಎಂದರು.

ಮರುದಿನ ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು ಮುಗಿದಿತ್ತು. ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಮನೆಯಲ್ಲಿ ತೊಡುವ ಹಳೆಯ ಬನಿಯನ್ನಿನಲ್ಲೇ ಇದ್ದರು, ತಲೆ ಬಾಚಿರಲಿಲ್ಲ. ಇಂಟರ್‌ನೆಟ್ ವಿಷಯ ಕೇಳಲಿಲ್ಲ.

“ಏನಾದ್ರೂ ಕೆಲಸ ಇದ್ರೆ ಕೊಡಮ್ಮ,” ಎಂದರು.

ಸೊಸೆ ಸುತ್ತ ನೋಡಿದಳು. ತರಕಾರಿ ಹೆಚ್ಚಿಟ್ಟಾಗಿತ್ತು, ಬಟ್ಟೆ ಮಡಿಸಿಟ್ಟಾಗಿತ್ತು. ಮಡಿಸಿದ್ದನ್ನೇ ಕೆದರಿ ಕೈಗೆ ಕೊಡಬಹುದಿತ್ತು. ಅದೂ ಅವರಿಗೆ ಮೊದಲನೇ ದಿನವೇ ಗೊತ್ತಾಗುತ್ತಿತ್ತು.

“ಏನೂ ಇಲ್ಲ ಮಾವ,” ಎಂದಳು.

ಅವರು ತಲೆಯಾಡಿಸಿ ಅಲ್ಲೇ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು.